ಐದನೆಯ ಲಕ್ಷಣ

ಆರೋಗ್ಯದ ಪುಸ್ತಕಗಳಲ್ಲಿ ‘ಉರಿಯೂತ’ ಎಂಬ ಶಬ್ದ ಕಂಡ ಕೂಡಲೇ ಇದು ನಮಗಲ್ಲ, ಡಾಕ್ಟರುಗಳಿಗೆ ಎಂದು ಪುಟ ಮಗುಚುವವರೇ ಹೆಚ್ಚು. ಬಿಡಿಸಿ ನೋಡಿದರೆ ಅದರಲ್ಲಿರುವುದು ನಾವು ದಿನವೂ ಆಡುವ ಎರಡು ಮಾತುಗಳು. ಒಂದು ಉರಿ, ಇನ್ನೊಂದು ಊತ. ತರಕಾರಿ ಹೆಚ್ಚುವಾಗ ಈಳಿಗೆಗೆ ಬೆರಳು ತಾಗಿತು ಎನ್ನಿ. ಮರುದಿನದ ಹೊತ್ತಿಗೆ ಆ ಜಾಗ ಕೆಂಪಾಗಿರುತ್ತದೆ, ಮುಟ್ಟಿದರೆ ಬಿಸಿಯಾಗಿರುತ್ತದೆ, ಬಾತುಕೊಂಡಿರುತ್ತದೆ, ನಾಡಿ ಬಡಿದಂತೆ ಮಿಡಿದು ನೋಯುತ್ತಿರುತ್ತದೆ. ಕೆಂಪು, ಬಾವು, ಬಿಸಿ, ನೋವು. ಇಷ್ಟನ್ನು ತಿಳಿಯಲು ಯಾವ ಹೆಂಗಸಿಗೂ ಪುಸ್ತಕ ಬೇಕಾಗಿಲ್ಲ.

ಆದರೂ ಈ ನಾಲ್ಕನ್ನು ಒಟ್ಟಿಗೆ ಹೇಳಿ ಬರೆದಿಟ್ಟವನೆಂದು ಹೆಸರಾದವನು ರೋಮನ್ ಲೇಖಕ ಸೆಲ್ಸಸ್. ಕ್ರಿಸ್ತಶಕ ಮೊದಲನೆಯ ಶತಮಾನದವನು. ಅವನು ಬರೆದ ವಿಶ್ವಕೋಶದಂಥ ದೊಡ್ಡ ಗ್ರಂಥದಲ್ಲಿ ಪೂರ್ತಿಯಾಗಿ ಉಳಿದು ಬಂದದ್ದು ವೈದ್ಯಕೀಯದ ಭಾಗ ಮಾತ್ರ. ಅದು 1478ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಅಚ್ಚಾಯಿತು. ಅಲ್ಲಿಂದ ಮುಂದೆ ಯುರೋಪಿನ ವೈದ್ಯ ವಿದ್ಯಾರ್ಥಿಗಳು ಆ ನಾಲ್ಕು ಲಕ್ಷಣಗಳನ್ನು ನಾವು ಮಗ್ಗಿ ಕಲಿತಂತೆ ಬಾಯಿಪಾಠ ಮಾಡುತ್ತ ಬಂದರು.

ನಮ್ಮ ಸುಶ್ರುತ ಸಂಹಿತೆ ಇದನ್ನು ಇನ್ನೊಂದು ಬಗೆಯಲ್ಲಿ ನೋಡಿತು. ಬಾವು ಎನ್ನುವುದು ನಿಂತ ನೀರಲ್ಲ, ಅದಕ್ಕೆ ಒಂದು ನಡೆ ಇದೆ ಎಂದು ಅದು ಗುರುತಿಸಿತು. ಮೊದಲು ಆಮ, ಅಂದರೆ ಕಾಯಿ. ಆಮೇಲೆ ಮಾಗುತ್ತಿರುವುದು. ಕೊನೆಗೆ ಪಕ್ವ, ಅಂದರೆ ಹಣ್ಣು. ಮಾಗುತ್ತಿರುವಾಗ ಇರುವೆ ಕಚ್ಚಿದಂತೆ, ಸೂಜಿ ಚುಚ್ಚಿದಂತೆ, ಚೇಳು ಕುಟುಕಿದಂತೆ ಬಗೆಬಗೆಯ ನೋವು. ಹಣ್ಣಾದ ಮೇಲೆ ನೋವು ಇಳಿಯುತ್ತದೆ, ಚರ್ಮ ಸುಕ್ಕಾಗುತ್ತದೆ, ಒತ್ತಿದರೆ ಗುಳಿ ಬೀಳುತ್ತದೆ. ಕಾಯಿಯಾಗಿದ್ದಾಗಲೇ ಕೊಯ್ಯುವ ವೈದ್ಯನನ್ನೂ ಹಣ್ಣಾದ ಮೇಲೂ ಸುಮ್ಮನಿರುವ ವೈದ್ಯನನ್ನೂ ಸುಶ್ರುತ ಒಂದೇ ಸಮನೆ ಬೈದಿದ್ದಾನೆ. ‘ಕುರು ಇನ್ನೂ ಹಣ್ಣಾಗಿಲ್ಲ, ಮುಟ್ಟಬೇಡ’ ಎಂದು ನಮ್ಮ ಅಜ್ಜಿಯರು ಬಿಸಿ ಹಿಟ್ಟಿನ ಪಟ್ಟು ಹಾಕಿ ಕಾಯುತ್ತಿದ್ದರಲ್ಲ, ಅವರು ಆಡುತ್ತಿದ್ದುದು ಈ ಹಳೆಯ ಶಾಸ್ತ್ರದ ಮಾತೇ.

ಆದರೆ ಒಂದು ಪ್ರಶ್ನೆ ಬಹುಕಾಲ ಉಳಿದೇ ಇತ್ತು. ಈ ಉರಿ, ಈ ಊತ ರೋಗವೋ ಅಥವಾ ರೋಗದ ವಿರುದ್ಧ ದೇಹ ಮಾಡುವ ಕೆಲಸವೋ? ಯುರೋಪಿನಲ್ಲಿ ಬಹಳ ಮಂದಿ ಅದನ್ನು ರೋಗವೆಂದೇ ತಿಳಿದರು. ರಕ್ತ ಹೆಚ್ಚಾಗಿ ಕೆಂಪಾಗಿದೆ, ಆದ್ದರಿಂದ ರಕ್ತ ತೆಗೆಯಬೇಕು ಎಂಬುದು ಅವರ ಲೆಕ್ಕ. ನರ ಚುಚ್ಚಿ ರಕ್ತ ಹರಿಸಿದರು, ಜಿಗಣೆ ಹಚ್ಚಿದರು. ಹೀಗೆ ನೂರಾರು ವರ್ಷ ನಡೆಯಿತು. ಇದಕ್ಕೆ ಬೇರೆ ಮಾತು ಹೇಳಿದವನು ಜಾನ್ ಹಂಟರ್ ಎಂಬ ಬ್ರಿಟಿಷ್ ಶಸ್ತ್ರವೈದ್ಯ. 1761ರಲ್ಲಿ ಫ್ರಾನ್ಸಿನ ಕರಾವಳಿಯ ಒಂದು ದ್ವೀಪದ ಯುದ್ಧದಲ್ಲಿ ಅವನು ಸೈನ್ಯದ ವೈದ್ಯನಾಗಿದ್ದ. ಚಿಕಿತ್ಸೆ ಸಿಗದೆ ಅಡಗಿಕೊಂಡಿದ್ದ ಗಾಯಾಳುಗಳು, ವೈದ್ಯರ ಕತ್ತಿಗೆ ಸಿಕ್ಕವರಿಗಿಂತ ಏನೂ ಕಡಿಮೆಯಿಲ್ಲದಂತೆ ಚೇತರಿಸಿಕೊಂಡದ್ದನ್ನು ಕಂಡ. ಅವನು ಸತ್ತ ಮರುವರ್ಷ, 1794ರಲ್ಲಿ, ಅಚ್ಚಾದ ಪುಸ್ತಕದಲ್ಲಿ ಉರಿಯೂತವನ್ನು ರೋಗವೆಂದು ಎಣಿಸಬಾರದು, ಅದು ದೇಹ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವ ಬಗೆ ಎಂಬ ಅಭಿಪ್ರಾಯವಿದೆ.

ಹಂಟರ್ ಹೇಳಿದ್ದನ್ನು ಕಣ್ಣಾರೆ ನೋಡಲು ಸೂಕ್ಷ್ಮದರ್ಶಕ ಬೇಕಾಯಿತು. ಬರ್ಲಿನ್ನಿನ ಯೂಲಿಯಸ್ ಕೋನ್‌ಹೈಮ್ 1867ರಲ್ಲಿ ಕಪ್ಪೆಯ ಕರುಳಿನ ತೆಳ್ಳಗಿನ ಪೊರೆಯನ್ನು ಬಿಡಿಸಿ ಗಂಟೆಗಟ್ಟಲೆ ನೋಡುತ್ತ ಕುಳಿತ. ಮೊದಲು ರಕ್ತನಾಳಗಳು ಅಗಲವಾದವು. ಆಮೇಲೆ ರಕ್ತದ ಬಿಳಿಕಣಗಳು ನಾಳದ ಅಂಚಿಗೆ ಸರಿದು, ಗೋಡೆಗೆ ಅಂಟಿ, ಒಂದೊಂದಾಗಿ ಗೋಡೆಯಲ್ಲಿ ನುಸುಳಿ ಹೊರಗೆ ಬಂದವು. ಕೀವು ಎಂದು ನಾವು ಅಸಹ್ಯಪಡುವುದು ಬಹುಮಟ್ಟಿಗೆ ಈ ಬಿಳಿಕಣಗಳನ್ನೇ. ಹೋರಾಡಿ ಸತ್ತವರ ರಾಶಿ ಅದು.

ಅವು ಹೊರಗೆ ಬಂದು ಮಾಡುವುದಾದರೂ ಏನು? ಇದಕ್ಕೆ ಉತ್ತರ ಹುಡುಕಿದವನ ಕತೆ ನನಗೆ ಬಹಳ ಇಷ್ಟ. ರಷ್ಯದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್ 1882ರಲ್ಲಿ ಸಂಸಾರದೊಂದಿಗೆ ಸಿಸಿಲಿಯ ಮೆಸ್ಸಿನಾ ಊರಿನಲ್ಲಿದ್ದ. ಒಂದು ದಿನ ಮನೆಯವರೆಲ್ಲ ಕೋತಿಗಳ ಆಟ ನೋಡಲು ಸರ್ಕಸ್ಸಿಗೆ ಹೋದರು. ಅವನೊಬ್ಬನೇ ಉಳಿದ. ನಕ್ಷತ್ರಮೀನಿನ ಮರಿ ಗಾಜಿನಂತೆ ಪಾರದರ್ಶಕ. ಅದರೊಳಗೆ ಅತ್ತಿತ್ತ ಹರಿದಾಡುವ ಕಣಗಳನ್ನು ನೋಡುತ್ತಿದ್ದವನಿಗೆ ಇವೇ ದೇಹದ ಕಾವಲುಗಾರರಿರಬಹುದೆ ಎಂದು ಹೊಳೆಯಿತು. ತೋಟದ ಗುಲಾಬಿ ಗಿಡದಿಂದ ಮುಳ್ಳು ಕಿತ್ತು ತಂದು ಆ ಮರಿಗಳ ಮೈಗೆ ಚುಚ್ಚಿಟ್ಟ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡು ನಿಂತಿದ್ದವು. ಆ ಜೀವಿಗೆ ರಕ್ತನಾಳವೂ ಇಲ್ಲ, ನರವೂ ಇಲ್ಲವೆನ್ನಬೇಕು. ಆದರೂ ಕಾವಲು ಇದೆ! ಹೊರಗಿನಿಂದ ಬಂದದ್ದನ್ನು ಮುತ್ತಿ ನುಂಗುವುದೇ ಉರಿಯೂತದ ತಿರುಳು ಎಂದು ಅವನು ಸಾರಿದ. 1908ರಲ್ಲಿ ಪೌಲ್ ಎರ್ಲಿಕ್ ಜೊತೆಗೆ ಅವನಿಗೂ ನೊಬೆಲ್ ಬಂತು.

ಇಂದು ಅದರ ಒಳವಿವರ ಇನ್ನಷ್ಟು ತಿಳಿದಿದೆ. ಗಾಯವಾದೊಡನೆ ಆ ಜಾಗದಲ್ಲಿರುವ ಕೆಲವು ಕಣಗಳು ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಯುತ್ತವೆ. ನಾಳಗಳು ಹಿಗ್ಗಿ ರಕ್ತ ನುಗ್ಗುತ್ತದೆ, ಅದಕ್ಕೇ ಕೆಂಪು ಮತ್ತು ಬಿಸಿ. ನಾಳದ ಗೋಡೆ ಸಡಿಲಾಗಿ ನೀರು ಜಿನುಗುತ್ತದೆ, ಅದಕ್ಕೇ ಬಾವು. ಪ್ರೋಸ್ಟಗ್ಲಾಂಡಿನ್ ಎಂಬ ಇನ್ನೊಂದು ಬಗೆಯ ರಾಸಾಯನಿಕ ನರದ ತುದಿಗಳನ್ನು ಕೆರಳಿಸುತ್ತದೆ, ಅದಕ್ಕೇ ನೋವು. ಕೆಲವು ಗಂಟೆಗಳಲ್ಲಿ ಬಿಳಿಕಣಗಳ ಮೊದಲ ದಂಡು, ಒಂದೆರಡು ದಿನದಲ್ಲಿ ದೊಡ್ಡ ಹೊಟ್ಟೆಬಾಕ ಕಣಗಳ ಎರಡನೆಯ ದಂಡು. ನಾವು ನುಂಗುವ ಆಸ್ಪಿರಿನ್ ಮಾತ್ರೆ ಪ್ರೋಸ್ಟಗ್ಲಾಂಡಿನ್ ತಯಾರಾಗದಂತೆ ತಡೆಯುತ್ತದೆ ಎಂದು 1971ರಲ್ಲಿ ತೋರಿಸಿಕೊಟ್ಟವನು ಇಂಗ್ಲೆಂಡಿನ ಜಾನ್ ವೇನ್. ಮಾತ್ರೆ ಮಾರಾಟಕ್ಕೆ ಬಂದು ಎಪ್ಪತ್ತು ವರ್ಷ ದಾಟಿದ ಮೇಲೆ ಅದು ಕೆಲಸ ಮಾಡುವ ಬಗೆ ತಿಳಿಯಿತು.

ಸೆಲ್ಸಸ್ಸನ ನಾಲ್ಕು ಲಕ್ಷಣಗಳಿಗೆ ಐದನೆಯದೊಂದು ಸೇರಿದ್ದನ್ನು ನಾನು ಇನ್ನೂ ಹೇಳಲಿಲ್ಲ. ಬಹುಕಾಲ ಅದನ್ನು ಗ್ರೀಕ್ ವೈದ್ಯ ಗೇಲನ್ನನ ಹೆಸರಿಗೆ ಹಚ್ಚುತ್ತಿದ್ದರು. ಅದನ್ನು ಸೇರಿಸಿದವನು ನಿಜವಾಗಿ 19ನೆಯ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಶೋ, ಕೋನ್‌ಹೈಮ್‌ನ ಗುರು. ಆ ಲಕ್ಷಣವೆಂದರೆ, ಉರಿಯೂತವಾದ ಅಂಗ ತನ್ನ ಕೆಲಸ ಮಾಡಲಾರದು. ಕೆಂಪು ಕಣ್ಣಿಗೆ ಕಾಣುತ್ತದೆ, ಬಿಸಿ ಕೈಗೆ ಗೊತ್ತಾಗುತ್ತದೆ. ಆದರೆ ಕೆಲಸ ಮಾಡಲಾಗದಿರುವುದನ್ನು ನೋಡಿದವರು ಅದನ್ನು ಲಕ್ಷಣವೆಂದು ಒಪ್ಪಬೇಕಲ್ಲ? ಅದೂ ಹೆಂಗಸಿನ ವಿಷಯದಲ್ಲಿ?

ನಾನು ಹತ್ತು ಹನ್ನೆರಡು ವರ್ಷದವಳಿದ್ದಾಗ, 1960ರ ದಶಕದಲ್ಲಿ, ತೀರ್ಥಹಳ್ಳಿ ಕಡೆಯ ನಮ್ಮ ತುಂಬಿದ ಮನೆಯಲ್ಲಿ ಚಿಕ್ಕಮ್ಮನ ಕೈ ಒಂದು ದೊಡ್ಡ ಚರ್ಚೆಯ ವಿಷಯವಾಗಿತ್ತು. ಅವಳ ಎರಡೂ ಕೈಯ ಬೆರಳ ಗೆಣ್ಣುಗಳು ಬಾತುಕೊಳ್ಳುತ್ತಿದ್ದವು. ಬೆಳಗಿನ ಜಾವ ಎದ್ದು ಒರಳಿನ ಗುಂಡು ಹಿಡಿಯಲು ಹೋದರೆ ಬೆರಳು ಮಡಚುತ್ತಿರಲಿಲ್ಲ. ‘ಬೆಳಿಗ್ಗೆ ಈ ಬೆರಳು ನಂದಲ್ಲ ಕಣೆ, ಹತ್ತು ಗಂಟೆ ಮೇಲೆ ನಂದಾಗ್ತದೆ’ ಎಂದು ನನ್ನ ಹತ್ತಿರ ಹೇಳುತ್ತಿದ್ದಳು. ಹತ್ತು ಗಂಟೆಯ ಮೇಲೆ ಅವಳು ಬಟ್ಟೆ ಒಗೆಯುವುದನ್ನೂ ಹಪ್ಪಳ ಒತ್ತುವುದನ್ನೂ ಎಲ್ಲರೂ ನೋಡುತ್ತಿದ್ದರು. ಹಾಗಾಗಿ ಬೆಳಗಿನ ನೋವನ್ನು ಯಾರೂ ನಂಬಲಿಲ್ಲ.

ಇದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಚಿಕ್ಕಮ್ಮ ಬಸುರಿಯಾದಾಗ ಕೈ ಸರಿಯಾಗುತ್ತಿತ್ತು! ಮೂರು ಸಲವೂ ಹಾಗೇ ಆಯಿತು. ನಾಲ್ಕನೆಯ ತಿಂಗಳ ಹೊತ್ತಿಗೆ ಬಾವು ಇಳಿದು, ಏಳನೆಯ ತಿಂಗಳಲ್ಲಿ ಹೊಟ್ಟೆ ಹೊತ್ತುಕೊಂಡೇ ದೋಸೆಗೆ ರುಬ್ಬುತ್ತಿದ್ದಳು. ಹೆತ್ತು ಬಾಣಂತನ ಮುಗಿಯುತ್ತಿದ್ದಂತೆ ಬಾವು ಮತ್ತೆ ಬರುತ್ತಿತ್ತು. ಅಜ್ಜಿ ಸುಮ್ಮನಿದ್ದಾರೆಯೆ? ‘ಬಸುರೀಲಿ ಇಲ್ಲದ ನೋವು ಬಾಣಂತನ ಮುಗಿದ ಕೂಡ್ಲೆ ಬರ್ತದಲ್ಲ, ಅದೆಂಥ ಕಾಯ್ಲೆನೋ! ಕೆಲಸದ ಹೊತ್ತಿಗೆ ಸರಿಯಾಗಿ ಬರೋ ಕಾಯ್ಲೆ’ ಎಂದರು. ಚಿಕ್ಕಮ್ಮ, ‘ಸುಳ್ಳು ಹೇಳ್ತಿಲ್ಲ ಅತ್ತೆ’ ಎಂದಷ್ಟೇ ಹೇಳಿ ಸೆರಗಿನಲ್ಲಿ ಕೈ ಮುಚ್ಚಿಕೊಂಡಳು. ಅಜ್ಜಿ ಕೆಟ್ಟವರಲ್ಲ. ಅವರ ಕಣ್ಣಿಗೆ ಕಂಡ ಲೆಕ್ಕ ಹಾಗಿತ್ತು ಅಷ್ಟೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಅಮೆರಿಕಕ್ಕೆ ಬನ್ನಿ. ಮಿನ್ನೆಸೋಟದ ರೊಚೆಸ್ಟರ್ ಊರಿನ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯನಿದ್ದ. ರುಮಟಾಯ್ಡ್ ಸಂಧಿವಾತದ ರೋಗಿಗಳನ್ನು ನೋಡುವುದು ಅವನ ಕೆಲಸ. ವಯಸ್ಸಾದಂತೆ ಮಂಡಿ ಸವೆದು ಬರುವ ನೋವಲ್ಲ ಇದು. ದೇಹದ ಕಾವಲುಪಡೆ ದಾರಿ ತಪ್ಪಿ ತನ್ನದೇ ಕೀಲುಗಳ ಒಳಪೊರೆಯ ಮೇಲೆ ಬೀಳುವ ರೋಗ. ಮುಳ್ಳೇ ಇಲ್ಲದ ಕಡೆ ಮುಳ್ಳು ಚುಚ್ಚಿದೆಯೆಂದು ತಿಳಿದು ವರ್ಷಗಟ್ಟಲೆ ಉರಿಯುವ ಉರಿಯೂತ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಆಗ ಅದಕ್ಕೆ ಇದ್ದ ಮದ್ದುಗಳಿಂದ ಹೆಚ್ಚಿನ ಗುಣವಿರಲಿಲ್ಲ, ಬಂದರೆ ಹೋಗದ ರೋಗವೆಂದೇ ವೈದ್ಯರ ನಂಬಿಕೆ.

1929ರಲ್ಲಿ ಒಬ್ಬ ರೋಗಿ, ತನಗೆ ಕಾಮಾಲೆ ಬಂದಾಗ ಕೀಲುನೋವು ಮಾಯವಾಯಿತು ಎಂದು ಹೆಂಚ್‌ಗೆ ಹೇಳಿದ. ಹೆಂಚ್ ನಕ್ಕು ಬಿಡಲಿಲ್ಲ, ಬರೆದುಕೊಂಡ. ಅಂಥವರು ಇನ್ನಾರಿದ್ದಾರೆಂದು ಹುಡುಕುತ್ತ ಹೋದ. ಆಗ ಹೆಂಗಸರು ಹೇಳಿದ್ದು ಇನ್ನೊಂದು ಸಂಗತಿ: ಬಸುರಿಯಾಗಿದ್ದಾಗ ನಮಗೆ ನೋವಿರಲಿಲ್ಲ, ಹೆತ್ತ ಮೇಲೆ ಮತ್ತೆ ಬಂತು. 1938ರ ಹೊತ್ತಿಗೆ ಅವನು ಇದನ್ನು ವೈದ್ಯರ ಮುಂದಿಟ್ಟ. ತಾನಾಗಿ ಇಳಿಯಬಲ್ಲದು ಎಂದಾದರೆ ಇದು ಹೋಗದ ರೋಗವಲ್ಲ, ಇಳಿಸುವ ವಸ್ತುವೊಂದು ದೇಹದಲ್ಲೇ ಇದೆ ಎಂಬುದು ಅವನ ತರ್ಕ. ಆ ವಸ್ತುವಿಗೆ ‘ಎಕ್ಸ್’ ಎಂದು ಹೆಸರಿಟ್ಟ.

ಅದೇ ಊರಿನಲ್ಲಿ ಎಡ್ವರ್ಡ್ ಕೆಂಡಲ್ ಎಂಬ ರಸಾಯನಶಾಸ್ತ್ರಜ್ಞ ಮೂತ್ರಪಿಂಡದ ನೆತ್ತಿಯ ಮೇಲೆ ಕೂತಿರುವ ಪುಟ್ಟ ಗ್ರಂಥಿಯ ರಸಗಳನ್ನು ಬೇರ್ಪಡಿಸುತ್ತಿದ್ದ. ಅವುಗಳಲ್ಲೊಂದನ್ನು ಕೊಟ್ಟು ನೋಡೋಣವೆಂದು 1941ರಲ್ಲೇ ಇಬ್ಬರೂ ಮಾತಾಡಿಕೊಂಡಿದ್ದರು. ಆದರೆ ಯುದ್ಧದ ಕಾಲ, ವಸ್ತು ಸಾಕಷ್ಟು ಸಿಗಲಿಲ್ಲ. ದನದ ಪಿತ್ತರಸದಿಂದ ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ ಅದನ್ನು ತಯಾರಿಸುವ ಬಗೆ ಕಂಡುಕೊಂಡ ಮೇಲೆ, 1948ರ ಸೆಪ್ಟೆಂಬರಿನಲ್ಲಿ, ನಡೆಯಲು ಬಹಳ ಕಷ್ಟಪಡುತ್ತಿದ್ದ 29 ವರ್ಷದ ಒಬ್ಬ ಹೆಂಗಸಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಕೆಲವೇ ದಿನಗಳಲ್ಲಿ ಬಿಗಿತ ಬಿಟ್ಟಿತು. ಒಂದು ವಾರ ಕಳೆಯುವುದರೊಳಗೆ ಅವಳು ಅಂಗಡಿ ಬೀದಿಗೆ ಹೋಗಿ ಸಾಮಾನು ಕೊಂಡು ಬಂದಳು. ಆ ವಸ್ತುವೇ ಕಾರ್ಟಿಸೋನ್. 1950ರಲ್ಲಿ ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ತಾಡಿಯಸ್ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂತು.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿ ಬಹಳ ಹೊತ್ತು ಕುಳಿತಿದ್ದೆ. ನಮ್ಮ ಚಿಕ್ಕಮ್ಮ ಬಸುರಿಯಾಗುವುದಕ್ಕೆ ಹತ್ತು ವರ್ಷ ಮೊದಲೇ ನೊಬೆಲ್‌ವರೆಗೆ ಹೋಗಿಬಂದ ಮಾತು, ನಮ್ಮ ಜಗಲಿಯಲ್ಲಿ ಕೆಲಸಗಳ್ಳತನಕ್ಕೆ ಸಾಕ್ಷಿಯಾಗಿತ್ತು. ಹೇಳಿದವರು ಎರಡು ಕಡೆಯೂ ಹೆಂಗಸರೇ. ಹೇಳಿದ್ದೂ ಒಂದೇ ಮಾತು. ಅಲ್ಲಿ ಕೇಳಿಸಿಕೊಂಡವನು ಬರೆದುಕೊಂಡ, ಇಲ್ಲಿ ಕೇಳಿಸಿಕೊಂಡವರು ನಕ್ಕರು. ವ್ಯತ್ಯಾಸ ಅಷ್ಟೇ.

ಕಾರ್ಟಿಸೋನಿನ ಇನ್ನೊಂದು ಮುಖವನ್ನು ಹೇಳದಿದ್ದರೆ ಕತೆ ಅರ್ಧವಾಗುತ್ತದೆ. ಉರಿ ಆರಿಸುವ ಮದ್ದು ಕಾವಲುಗಾರರನ್ನೂ ಮಲಗಿಸುತ್ತದೆ, ಸೋಂಕು ಸುಲಭವಾಗಿ ತಗಲುತ್ತದೆ. ಹೆಚ್ಚು ದಿನ ತೆಗೆದುಕೊಂಡರೆ ಮುಖ ಚಂದ್ರನಂತೆ ದುಂಡಗಾಗುತ್ತದೆ, ಸಕ್ಕರೆ ಕಾಯಿಲೆ ಬರಬಹುದು, ಮೂಳೆ ಟೊಳ್ಳಾಗುತ್ತದೆ. ಹಾಗೆಂದು ತಟ್ಟನೆ ನಿಲ್ಲಿಸುವುದೂ ಅಪಾಯ. ಕೆಲವೇ ವರ್ಷಗಳಲ್ಲಿ ಅಲ್ಲಿಯ ವೈದ್ಯರಿಗೆ ಇದೆಲ್ಲ ಗೊತ್ತಾಯಿತು. ನಮ್ಮ ಸಣ್ಣ ಊರುಗಳಿಗೆ ಮದ್ದು ಬಂತು, ಈ ತಿಳಿವಳಿಕೆ ಬರಲಿಲ್ಲ.

1970ರ ದಶಕದಲ್ಲಿ ಯಾರೋ ಹೇಳಿದರೆಂದು ಚಿಕ್ಕಪ್ಪ ಒಂದು ಕಡೆಯಿಂದ ಪೊಟ್ಟಣ ತರತೊಡಗಿದರು. ಹೆಸರಿಲ್ಲದ ಸಣ್ಣ ಬಿಳಿ ಮಾತ್ರೆಗಳು. ಮೂರೇ ದಿನಕ್ಕೆ ಚಿಕ್ಕಮ್ಮ ಬಾವಿಯಿಂದ ಕೊಡಪಾನ ಎತ್ತಿದಳು. ಪವಾಡವೆಂದರು. ಕೆನ್ನೆ ತುಂಬಿಕೊಂಡಾಗ, ‘ಅಂತೂ ಮೈಕೈ ತುಂಬಿಕೊಂಡ್ಲು’ ಎಂದು ಸಂತೋಷಪಟ್ಟರು. ಏಳೆಂಟು ವರ್ಷ ಆ ಪೊಟ್ಟಣ ಮನೆಗೆ ಬರುತ್ತಲೇ ಇತ್ತು. ಒಂದು ದಿನ ಬಚ್ಚಲಲ್ಲಿ ಸುಮ್ಮನೆ ಜಾರಿದ್ದಕ್ಕೆ ಸೊಂಟದ ಮೂಳೆ ಮುರಿಯಿತು. ಪೇಟೆಯ ಡಾಕ್ಟರು ಪೊಟ್ಟಣ ನೋಡಿ, ಮುಖ ನೋಡಿ, ಇದು ಸ್ಟೀರಾಯ್ಡ್ ಎಂದರು. ಆಗಿನ್ನೂ ಅವಳಿಗೆ ಐವತ್ತು ತುಂಬಿರಲಿಲ್ಲ. ಉಳಿದ ಬದುಕನ್ನೆಲ್ಲ ಕೋಲು ಹಿಡಿದೇ ನಡೆದಳು. ಸ್ಟೀರಾಯ್ಡ್ ಪಾಪದ ವಸ್ತುವೆಂದು ನಾನು ಹೇಳುತ್ತಿಲ್ಲ. ತಿಳಿದವರ ಕೈಯಲ್ಲಿ, ಅಳತೆಯಲ್ಲಿ, ಅದು ಇಂದಿಗೂ ಎಷ್ಟೋ ಜೀವ ಉಳಿಸುತ್ತಿದೆ. ಹೆಸರು ಹೇಳದೆ ಕೊಡುವುದು ಪಾಪ.

ಚಿಕ್ಕಮ್ಮನ ಕಾಲ ದಾಟಿ ಮದ್ದು ಬಹಳ ಮುಂದೆ ಬಂದಿದೆ. ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ಮುಂದಾಳತ್ವದ ತಂಡ 1940ರ ದಶಕದಲ್ಲಿ ತಯಾರಿಸಿದ ಮೆಥೊಟ್ರೆಕ್ಸೇಟ್ ಮೊದಲು ಕ್ಯಾನ್ಸರಿಗೆಂದು ಬಂದದ್ದು. ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಕೀಲುಗಳ ಉರಿಯೂತವನ್ನು ಹತೋಟಿಗೆ ತರುತ್ತದೆಂದು ಖಚಿತವಾಗಿ, 1988ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆ ಒಪ್ಪಿಗೆ ಸಿಕ್ಕಿತು. ಇಂದು ಇದೇ ಮೊದಲ ಮದ್ದು. ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳುವಂಥದು, ಮರೆತು ದಿನವೂ ನುಂಗಿದರೆ ಪ್ರಾಣಕ್ಕೆ ಅಪಾಯ. ಬಸುರಿಯರು ಮುಟ್ಟಲೇಬಾರದು. 1992ರಲ್ಲಿ ಲಂಡನ್ನಿನಲ್ಲಿ ಲೂಧಿಯಾನ ಮೂಲದ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ ಉರಿಯೂತದ ಒಂದೇ ಒಂದು ಸಂದೇಶವಾಹಕವನ್ನು ಹಿಡಿದು ತಡೆಯುವ ಚುಚ್ಚುಮದ್ದನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಇಡೀ ಕಾವಲುಪಡೆಯನ್ನು ಮಲಗಿಸುವ ಬದಲು ಕೂಗುವವನೊಬ್ಬನ ಬಾಯಿ ಮುಚ್ಚಿಸುವ ಉಪಾಯ ಇದು.

ಇನ್ನೊಂದು ತಿಳಿವಳಿಕೆ ಇತ್ತೀಚಿನದು. ಉರಿಯೂತ ಸೌದೆ ಮುಗಿದ ಒಲೆಯಂತೆ ತಾನಾಗಿ ಆರುತ್ತದೆಂದು ಬಹುಕಾಲ ತಿಳಿದಿದ್ದರು. ಹಾಗಲ್ಲ. ಅಮೆರಿಕದ ಚಾರ್ಲ್ಸ್ ಸೆರ್ಹಾನ್ ಮತ್ತು ಜೊತೆಯವರು 1984ರಿಂದ ಮೊದಲುಗೊಂಡು ತೋರಿಸುತ್ತ ಬಂದಂತೆ, ಸಾಕು, ಇನ್ನು ಹೊರಡಿ ಎಂದು ಬಿಳಿಕಣಗಳಿಗೆ ಹೇಳುವ ರಾಸಾಯನಿಕಗಳನ್ನು ದೇಹವೇ ತಯಾರಿಸುತ್ತದೆ. ಒಲೆ ಹಚ್ಚುವುದು ಹೇಗೆ ಕೆಲಸವೋ ಆರಿಸುವುದೂ ಹಾಗೇ ಕೆಲಸ. ಆರಿಸುವುದು ಕೆಟ್ಟಾಗ ಉರಿ ಮನೆಗೇ ಹತ್ತುತ್ತದೆ.

ಹಾಗಾದರೆ ಬಸುರಿನಲ್ಲಿ ಆ ಉರಿಯನ್ನು ಆರಿಸುವುದು ಯಾವುದು? ಹೆಂಚ್ ಹುಡುಕುತ್ತ ಹೋಗಿ ಕಾರ್ಟಿಸೋನ್ ಕಂಡ, ಆದರೆ ಅದೊಂದೇ ಉತ್ತರವಲ್ಲ. ಹೊಟ್ಟೆಯಲ್ಲಿರುವ ಮಗು ಅರ್ಧ ತಂದೆಯದು. ಅದನ್ನು ಹೊರಗಿನದೆಂದು ತಿಳಿದು ಮೈಮೇಲೆ ಬೀಳದಂತೆ ತಾಯಿಯ ಕಾವಲುಪಡೆ ತನ್ನ ನಡತೆಯನ್ನೇ ಬದಲಿಸಿಕೊಳ್ಳುತ್ತದೆ. ಆ ಶಾಂತಿ ಕೀಲುಗಳಿಗೂ ಸಿಗುತ್ತದೆ. ಎಲ್ಲರಿಗೂ ಅಲ್ಲ, ಸುಮಾರು ಅರ್ಧದಷ್ಟು ಅಥವಾ ಸ್ವಲ್ಪ ಹೆಚ್ಚು ಮಂದಿಗೆ. ಇದರ ಪೂರ್ತಿ ಗುಟ್ಟನ್ನು ವಿಜ್ಞಾನಿಗಳು ಇನ್ನೂ ಹುಡುಕುತ್ತಲೇ ಇದ್ದಾರೆ.

ಕೀಲುಗಳು ಬಾತು, ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆ, ಒಂದು ಗಂಟೆ ಕಳೆದರೂ ಬಿಡದೆ, ಹಾಗೇ ಆರು ವಾರ ಮುಂದುವರಿದರೆ ಅದು ಆಯಾಸವಲ್ಲ, ವಯಸ್ಸೂ ಅಲ್ಲ, ತಡಮಾಡದೆ ತೋರಿಸಬೇಕಾದ ವಿಷಯ. ಮೊದಲ ತಿಂಗಳುಗಳಲ್ಲೇ ಚಿಕಿತ್ಸೆ ಸಿಕ್ಕರೆ ಬೆರಳು ಸೊಟ್ಟಗಾಗುವುದನ್ನು ಬಹಳಮಟ್ಟಿಗೆ ತಡೆಯಬಹುದು. ಡಾಕ್ಟರ ಮುಂದೆ ಕುಳಿತಾಗ ನಮಗೆ ಅರ್ಧ ಮಾತು ಮರೆತೇ ಹೋಗುತ್ತದೆ, ಜೊತೆಗೆ ಬಂದವರು ನಡುವೆ ಬಾಯಿ ಹಾಕುತ್ತಾರೆ. ಅದಕ್ಕೊಂದು ಉಪಾಯ ನಮ್ಮ ಅಡುಗೆಮನೆಯ ಗೋಡೆಯಲ್ಲೇ ನೇತಾಡುತ್ತಿದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಮುಟ್ಟಿನ ದಿನ ಗುರುತು ಮಾಡುವ ಕ್ಯಾಲೆಂಡರಿನಲ್ಲೇ ಎಷ್ಟು ಗಂಟೆಗೆ ಬೆರಳು ಮಡಚಿತು, ಯಾವ ಕೆಲಸ ಮಾಡಲಾಗಲಿಲ್ಲ ಎಂಬುದನ್ನೂ ಬರೆಯಿರಿ. ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆಯನ್ನೇ ಹರಿದು ಕೊಂಡೊಯ್ಯಿರಿ.